ಆ ಮಾತ್ರೆ ಕೇಳುವ ಮೊದಲು ಒಂದು ಸಲ ರಕ್ತ ಪರೀಕ್ಷೆಗೆ ಕೊಟ್ಟು ಬನ್ನಿ

ಅಂಗಡಿಗೆ ಬಂದವರು ಯಾವುದಕ್ಕೆ ಬಂದಿದ್ದಾರೆ ಅಂತ ಬಾಯಿ ಬಿಡುವ ಮೊದಲೇ ನನಗೆ ಗೊತ್ತಾಗುತ್ತದೆ. ಪಕ್ಕದಲ್ಲಿ ಹೆಂಗಸರಿದ್ದರೆ ಅವರು ಹೋಗಲಿ ಅಂತ ಕಾಯುತ್ತಾರೆ. ಸುಮ್ನೆ ಒಂದು ಕೆಮ್ಮಿನ ಗುಳಿಗೆ ಕೇಳುತ್ತಾರೆ. ತೂಕದ ಮಿಷನ್ ಹತ್ತಿ ಇಳಿಯುತ್ತಾರೆ. ಆಮೇಲೆ ಕೌಂಟರಿನ ಮೇಲೆ ಬಗ್ಗಿ, "ಅಣ್ಣ, ಅದೊಂದು ಮಾತ್ರೆ ಉಂಟಲ್ಲ..." ಅನ್ನುತ್ತಾರೆ.

ಉಡುಪಿಯ ಕಲ್ಸಂಕದಿಂದ ಮಣಿಪಾಲಕ್ಕೆ ಹೋಗುವ ದಾರಿಯಲ್ಲಿ ನನ್ನದೊಂದು ಮೆಡಿಕಲ್ ಅಂಗಡಿ. 1999ರಲ್ಲಿ ಹಾಕಿದ್ದು. ನಾನು ಡಾಕ್ಟರ್ ಅಲ್ಲ. ಆದರೆ ಇಷ್ಟು ವರ್ಷ ಕೌಂಟರಿನ ಈಚೆ ನಿಂತು ಒಂದು ವಿಷಯ ನೋಡಿದ್ದೇನೆ. ನಲವತ್ತು ದಾಟಿದ ಗಂಡಸರು ಮೊದಲು ಆ ಮಾತ್ರೆಗೆ, ಅಂದರೆ ನಿಮಿರುವಿಕೆಯ ಮಾತ್ರೆಗೆ, ಬರುತ್ತಾರೆ. ಕೆಲವು ವರ್ಷ ಬಿಟ್ಟು ಅವರಲ್ಲೇ ಕೆಲವರು ಹೃದಯದ ಮಾತ್ರೆಗೆ ಬರುತ್ತಾರೆ. ಎರಡಕ್ಕೂ ಸಂಬಂಧ ಉಂಟು ಅಂತ ಪುಸ್ತಕದಲ್ಲಿ ಓದಿದ್ದೆ. ನನ್ನ ಮೈಗೇ ಬಂದಾಗ ಮಾತ್ರ ಅರ್ಥವಾಯಿತು.

2019ರ ಮಳೆಗಾಲ. ನನಗೆ 48. ಐದಾರು ತಿಂಗಳಿಂದ ಹಾಸಿಗೆಯಲ್ಲಿ ಸರಿ ಹೋಗುತ್ತಿರಲಿಲ್ಲ. ಮನಸ್ಸಿತ್ತು, ಗಟ್ಟಿಯಾಗುತ್ತಿರಲಿಲ್ಲ. ಗಟ್ಟಿಯಾದರೂ ನಡುವಲ್ಲಿ ಇಳಿದುಹೋಗುತ್ತಿತ್ತು. ನಾನು ಮಾಡಿದ್ದೇನು? ನನ್ನದೇ ಅಂಗಡಿಯ ಕಪಾಟಿನಿಂದ 50 ಮಿಲಿಗ್ರಾಮಿನ ಸಿಲ್ಡೆನಾಫಿಲ್, ಜನ ವಯಾಗ್ರ ಅನ್ನುವ ಔಷಧಿ, ತೆಗೆದು ಜೇಬಿಗೆ ಹಾಕಿಕೊಂಡೆ. ಡಾಕ್ಟರ ಚೀಟಿ ಇಲ್ಲದೆ ಕೊಡಬಾರದ ಮಾತ್ರೆ ಅದು. ಬೇರೆಯವರಿಗೆ ದಿನಾ ಹೇಳುವ ಮಾತನ್ನು ನಾನೇ ಮುರಿದೆ. ಮೊದಲ ಸಲ ಕೆಲಸ ಮಾಡಿತು. ಎರಡನೇ ಸಲ ಭಾವನ ಮನೆಯ ಫಂಕ್ಷನಿನಲ್ಲಿ ಗಟ್ಟಿಯಾಗಿ ಚಿಕನ್ ಘೀ ರೋಸ್ಟ್ ತಿಂದು ಬಂದು ನುಂಗಿದೆ. ತಲೆನೋವು ಬಂತು, ಮುಖ ಕೆಂಪಾಯಿತು, ಬರಬೇಕಾದದ್ದು ಬರಲಿಲ್ಲ.

ನಮ್ಮ ಅಂಗಡಿಗೆ ಚೀಟಿ ಬರೆದು ಕಳಿಸುವ ಡಾಕ್ಟರೊಬ್ಬರ ಹತ್ತಿರ ಕಡೆಗೂ ಹೇಳಿದೆ. ಅವರು ಆ ಮಾತ್ರೆಯ ಬಗ್ಗೆ ಏನೂ ಕೇಳಲಿಲ್ಲ. "ನಿಮ್ಮ ಕೊಲೆಸ್ಟ್ರಾಲ್ ಎಷ್ಟು?" ಅಂದರು. ದಿನಕ್ಕೆ ನಲವತ್ತು ಜನರಿಗೆ ಕೊಲೆಸ್ಟ್ರಾಲ್ ಮಾತ್ರೆ ಕತ್ತರಿಸಿ ಕೊಡುವವನು ನಾನು. ನನ್ನದನ್ನು ಒಂದು ಸಲವೂ ನೋಡಿಸಿರಲಿಲ್ಲ. ಅಪ್ಪ 54ನೇ ವಯಸ್ಸಿಗೆ ಎದೆನೋವಿನಲ್ಲಿ ಹೋದವರು. ಅದು ಗೊತ್ತಿದ್ದೂ.

ಮೊದಲು ಹಾಳಾಗುವುದು ಸಣ್ಣ ಪೈಪ್

ನನ್ನ ಅಣ್ಣನ ಅಡಿಕೆ ತೋಟ ಹೆಬ್ರಿ ಹತ್ತಿರ. ಅಲ್ಲಿ ಪಂಪಿನಿಂದ ಬರುವ ಎರಡಿಂಚಿನ ಪೈಪ್ ಹತ್ತು ವರ್ಷವಾದರೂ ಕಟ್ಟುವುದಿಲ್ಲ. ಮೊದಲು ನೀರು ನಿಲ್ಲುವುದು ಮರದ ಬುಡದಲ್ಲಿರುವ ಡ್ರಿಪ್ ತೂತಿನಲ್ಲಿ. ಒಂದು ಮರ ಬಾಡಿತು ಅಂದರೆ ಅಣ್ಣ ಆ ಮರಕ್ಕೆ ಗೊಬ್ಬರ ಹಾಕುವುದಿಲ್ಲ, ಲೈನ್ ಪೂರ್ತಿ ನೋಡುತ್ತಾನೆ.

ಗಂಡಸರ ಮೈಯಲ್ಲೂ ಹಾಗೇ. ಶಿಶ್ನಕ್ಕೆ ರಕ್ತ ತರುವ ನಾಳದ ಅಗಲ 1ರಿಂದ 2 ಮಿಲಿಮೀಟರ್. ಹೃದಯಕ್ಕೆ ರಕ್ತ ಕೊಡುವ ನಾಳ 3ರಿಂದ 4. ಮಿದುಳಿಗೆ ಹೋಗುವ ಕುತ್ತಿಗೆಯ ನಾಳ 5ರಿಂದ 7. ಕೊಬ್ಬು ಕೂರುವುದು ಎಲ್ಲಾ ಕಡೆ. ತೊಂದರೆ ಕಾಣುವುದು ಮೊದಲು ಸಣ್ಣದರಲ್ಲಿ. ಎಷ್ಟೋ ಜನರಲ್ಲಿ ನಿಮಿರುವಿಕೆಯ ತೊಂದರೆ ಎದೆನೋವಿಗಿಂತ ಎರಡರಿಂದ ಐದು ವರ್ಷ ಮೊದಲೇ ಶುರುವಾಗುತ್ತದೆ.

ಬರೀ ಕಟ್ಟಿಕೊಳ್ಳುವ ಕತೆಯೂ ಅಲ್ಲ ಇದು. ರಕ್ತನಾಳದ ಒಳಪದರ ನೈಟ್ರಿಕ್ ಆಕ್ಸೈಡ್ ಅನ್ನುವ ಅನಿಲ ತಯಾರಿಸುತ್ತದೆ. ಅದು ಸಿಕ್ಕಾಗ ನಾಳ ಸಡಿಲವಾಗಿ ಅಗಲವಾಗುತ್ತದೆ, ರಕ್ತ ನುಗ್ಗುತ್ತದೆ, ಗಟ್ಟಿಯಾಗುತ್ತದೆ. ಕೆಟ್ಟ ಕೊಲೆಸ್ಟ್ರಾಲ್, ಅಂದರೆ ಎಲ್‌ಡಿಎಲ್, ಜಾಸ್ತಿ ಇದ್ದರೆ ಆ ಒಳಪದರವೇ ಸೊರಗುತ್ತದೆ. ಬ್ಲಾಕ್ ಆಗುವ ಎಷ್ಟೋ ಮೊದಲೇ ಗೇಟ್‌ವಾಲ್ವ್ ಬಿಗಿ ಹಿಡಿದ ಹಾಗೆ. ಈ ನೈಟ್ರಿಕ್ ಆಕ್ಸೈಡಿನ ಕೆಲಸ ಕಂಡುಹಿಡಿದ ಮೂವರಿಗೆ 1998ರಲ್ಲಿ ನೊಬೆಲ್ ಬಂತು. ಅದೇ ವರ್ಷ ಅಮೆರಿಕದಲ್ಲಿ ವಯಾಗ್ರಕ್ಕೆ ಒಪ್ಪಿಗೆ ಸಿಕ್ಕಿತು. ಆ ಔಷಧಿಯನ್ನು ಮೊದಲು ಪರೀಕ್ಷೆ ಮಾಡಿದ್ದು ಎದೆನೋವಿಗೆ, ಗೊತ್ತಾ?

"ಅಣ್ಣ, ಆವತ್ತು ಕೊಟ್ಟದ್ದು ಡೂಪ್ಲಿಕೇಟಾ? ಏನೂ ಆಗ್ಲಿಲ್ಲ" ಅಂತ ಜಗಳಕ್ಕೆ ಬರುವವರಿಗೆ ನಾನು ಹೇಳುವುದು ಇದನ್ನೇ. ಆ ಮಾತ್ರೆ ನೈಟ್ರಿಕ್ ಆಕ್ಸೈಡ್ ತಯಾರಿಸುವುದಿಲ್ಲ. ಇದ್ದದ್ದರ ಕೆಲಸವನ್ನು ಸ್ವಲ್ಪ ಹೊತ್ತು ಹೆಚ್ಚು ಉಳಿಸಿಕೊಡುತ್ತದೆ ಅಷ್ಟೇ. ಒಳಪದರ ಸೊರಗಿದ್ದರೆ ಮಾತ್ರೆಯೂ ಸೊರಗುತ್ತದೆ. ಮತ್ತೆ ಕೊಬ್ಬಿನ ಊಟದ ಮೇಲೆ ಸಿಲ್ಡೆನಾಫಿಲ್ ನಿಧಾನವಾಗಿ ರಕ್ತಕ್ಕೆ ಸೇರುತ್ತದೆ. ನನ್ನ ಘೀ ರೋಸ್ಟಿನ ರಾತ್ರಿ ಆದದ್ದು ಅದೇ.

ಮನಸ್ಸಿನದ್ದಾ, ರಕ್ತದ್ದಾ?

ಒಂದು ಸುಲಭ ಪರೀಕ್ಷೆ ನೀವೇ ಮಾಡಬಹುದು. ಬೆಳಿಗ್ಗೆ ಏಳುವಾಗ ತಾನಾಗಿ ಗಟ್ಟಿಯಾಗಿರುತ್ತದಾ ನೋಡಿ. ಒಂದೆರಡು ವಾರ ಗಮನಿಸಿ. ಬೆಳಿಗ್ಗೆ ಸರಿಯಿದ್ದು, ಹೆಂಡತಿ ಜೊತೆ ಇದ್ದಾಗ ಮಾತ್ರ ಆಗುತ್ತಿಲ್ಲ, ಅದೂ ಇದ್ದಕ್ಕಿದ್ದ ಹಾಗೆ ಶುರುವಾಯಿತು ಅಂದರೆ ಸಾಲ, ಕೆಲಸ, ಜಗಳ, ಹೆದರಿಕೆ ಇಂಥದ್ದು ಇರುವ ಸಾಧ್ಯತೆ ಜಾಸ್ತಿ. ನಿಧಾನವಾಗಿ ತಿಂಗಳು ತಿಂಗಳು ಕಡಿಮೆಯಾಗುತ್ತಾ ಬಂದು, ಬೆಳಗಿನದ್ದೂ ನಿಂತಿದ್ದರೆ ಮೈಯನ್ನು ನೋಡಿಸಬೇಕು. ಆಸೆಯೇ ಹೋಗಿದೆ ಅಂದರೆ ಹಾರ್ಮೋನ್ ಕಡೆ ನೋಡುತ್ತಾರೆ. ಇವೆಲ್ಲ ಗೆರೆ ಹಾಕಿದ ಹಾಗೆ ಬೇರೆ ಬೇರೆ ಇರುವುದಿಲ್ಲ ಮಾರಾಯ್ರೆ. ರಕ್ತದ ತೊಂದರೆಯಿಂದ ಶುರುವಾದದ್ದಕ್ಕೆ ಹೆದರಿಕೆ ಆಮೇಲೆ ಸೇರಿಕೊಳ್ಳುತ್ತದೆ. ನನಗೂ ಸೇರಿತ್ತು.

ಡಾಕ್ಟರ ಹತ್ತಿರ ಹೇಳುವುದು ಹೇಗೆ ಅಂತ ಕೇಳುತ್ತಾರೆ. "ಗಂಡಸ್ತನದ ಸಮಸ್ಯೆ" ಅಂತೆಲ್ಲ ಹೇಳಬೇಡಿ. ಗೋಡೆ ಮೇಲೆ ಜಾಹೀರಾತು ಬರೆಯುವವರ ಮಾತು ಅದು. "ಡಾಕ್ಟ್ರೇ, ಆರು ತಿಂಗಳಿಂದ ನಿಮಿರುವಿಕೆ ಸರಿಯಾಗ್ತಾ ಇಲ್ಲ, ಬೆಳಿಗ್ಗೆಯೂ ಇಲ್ಲ" ಅಂದರೆ ಸಾಕು. ಬಾಯಿ ಬರದಿದ್ದರೆ ಚೀಟಿಯಲ್ಲಿ ಬರೆದು ಕೊಡಿ. ನೀವು ತೆಗೆದುಕೊಳ್ಳುತ್ತಿರುವ ಎಲ್ಲಾ ಮಾತ್ರೆಗಳ ಸ್ಟ್ರಿಪ್ ಜೊತೆಗಿರಲಿ. ಬಿಪಿಯ ಕೆಲವು ಮಾತ್ರೆ, ಖಿನ್ನತೆಯ ಕೆಲವು ಮಾತ್ರೆಯಿಂದಲೂ ಹೀಗಾಗುತ್ತದೆ. ಹಾಗಂತ ಬಿಪಿ ಮಾತ್ರೆಯನ್ನು ನೀವಾಗಿ ನಿಲ್ಲಿಸಬೇಡಿ, ಬದಲಿಸಿಕೊಡಲು ಕೇಳಿ.

ರಿಪೋರ್ಟ್ ಓದುವುದು

ಲಿಪಿಡ್ ಪ್ರೊಫೈಲ್ ಅಂತ ಕೇಳಿ, ರಕ್ತದ ಕೊಬ್ಬಿನ ಪರೀಕ್ಷೆ ಅದು. ಜೊತೆಗೆ ಸಕ್ಕರೆ, ಮೂರು ತಿಂಗಳ ಸರಾಸರಿ ಹೇಳುವ ಎಚ್‌ಬಿಎ1ಸಿ, ಬಿಪಿ. ಸಕ್ಕರೆ ಕಾಯಿಲೆ ಈ ವಿಷಯದಲ್ಲಿ ಕೊಲೆಸ್ಟ್ರಾಲ್‌ಗಿಂತ ದೊಡ್ಡ ಕಳ್ಳ, ನಾಳದ ಜೊತೆ ನರವನ್ನೂ ಕೆಡಿಸುತ್ತದೆ. ಡಾಕ್ಟರಿಗೆ ಬೇಕೆನಿಸಿದರೆ ಥೈರಾಯ್ಡ್, ಟೆಸ್ಟೊಸ್ಟಿರಾನ್ ಬರೆಯುತ್ತಾರೆ. ಟೆಸ್ಟೊಸ್ಟಿರಾನಿಗೆ ಬೆಳಿಗ್ಗೆಯೇ ರಕ್ತ ಕೊಡಬೇಕು, ಹೊತ್ತೇರಿದಂತೆ ಅದು ಇಳಿಯುತ್ತದೆ. ಲಿಪಿಡ್‌ಗೆ ಹತ್ತು ಹನ್ನೆರಡು ಗಂಟೆ ಖಾಲಿ ಹೊಟ್ಟೆ ಅನ್ನುವುದು ವಾಡಿಕೆ. ನೀರು ಕುಡಿಯಬಹುದು. ಹಿಂದಿನ ರಾತ್ರಿ ಪಾರ್ಟಿ ಬೇಡ, ರಕ್ತದ ಇನ್ನೊಂದು ಕೊಬ್ಬು ಟ್ರೈಗ್ಲಿಸರೈಡ್ ಹಾರುತ್ತದೆ.

ನನ್ನ ರಿಪೋರ್ಟ್ ಹೀಗಿತ್ತು. ಟೋಟಲ್ ಕೊಲೆಸ್ಟ್ರಾಲ್ 252. ಒಳ್ಳೆಯ ಕೊಲೆಸ್ಟ್ರಾಲ್ ಅನ್ನುವ ಎಚ್‌ಡಿಎಲ್ 38. ಟ್ರೈಗ್ಲಿಸರೈಡ್ 210. ಎಲ್‌ಡಿಎಲ್ 172.

ಎಷ್ಟೋ ಲ್ಯಾಬ್‌ಗಳಲ್ಲಿ ಎಲ್‌ಡಿಎಲ್ ನೇರವಾಗಿ ಅಳೆಯುವುದಿಲ್ಲ, ಲೆಕ್ಕ ಹಾಕುತ್ತಾರೆ. ಟ್ರೈಗ್ಲಿಸರೈಡನ್ನು 5ರಿಂದ ಭಾಗಿಸಿ. 210ಕ್ಕೆ 42 ಬಂತು. ಟೋಟಲಿನಿಂದ ಅದನ್ನೂ ಎಚ್‌ಡಿಎಲ್ಲನ್ನೂ ಕಳೆಯಿರಿ. 252ರಲ್ಲಿ 42 ಹೋಗಿ 210, ಅದರಲ್ಲಿ 38 ಹೋಗಿ 172. ಟ್ರೈಗ್ಲಿಸರೈಡ್ 400 ದಾಟಿದರೆ ಈ ಲೆಕ್ಕ ನಂಬಬೇಡಿ. ಆಗ ಎಲ್‌ಡಿಎಲ್ಲನ್ನು ನೇರವಾಗಿ ಅಳೆಯಲು ಹೇಳಬೇಕು.

ಜನ ಟೋಟಲ್ ಒಂದನ್ನೇ ನೋಡುತ್ತಾರೆ. 200ರ ಒಳಗಿದ್ದರೆ ಕಾಗದ ಮಡಚಿ ಇಡುತ್ತಾರೆ. ನನ್ನ ಹತ್ತಿರ ಒಬ್ಬರು "ನಾರ್ಮಲ್ ಅಣ್ಣ" ಅಂತ ತೋರಿಸಿದರು. ಟೋಟಲ್ 190. ಎಚ್‌ಡಿಎಲ್ ಎಷ್ಟು? 30. ಟೋಟಲಿನಿಂದ ಎಚ್‌ಡಿಎಲ್ ಕಳೆದರೆ 160. ಇದಕ್ಕೆ ನಾನ್-ಎಚ್‌ಡಿಎಲ್ ಅನ್ನುತ್ತಾರೆ, ನಾಳಕ್ಕೆ ತೊಂದರೆ ಕೊಡುವ ಎಲ್ಲಾ ಕೊಬ್ಬಿನ ಮೊತ್ತ. 130ರ ಒಳಗಿದ್ದರೆ ಒಳ್ಳೆಯದು. ಎಚ್‌ಡಿಎಲ್ ಕಡಿಮೆ, ಟ್ರೈಗ್ಲಿಸರೈಡ್ ಜಾಸ್ತಿ, ಇದು ನಮ್ಮ ದೇಶದವರಲ್ಲಿ ತುಂಬಾ ಕಾಣುವ ಜೋಡಿ.

ಸಾಮಾನ್ಯವಾಗಿ ಎಲ್‌ಡಿಎಲ್ 100ರ ಒಳಗೆ, ಟ್ರೈಗ್ಲಿಸರೈಡ್ 150ರ ಒಳಗೆ, ಗಂಡಸರ ಎಚ್‌ಡಿಎಲ್ 40ಕ್ಕಿಂತ ಮೇಲೆ ಇರಬೇಕು. ಸಕ್ಕರೆ ಕಾಯಿಲೆ ಇದ್ದವರಿಗೆ, ಹಾರ್ಟ್ ಅಟ್ಯಾಕ್ ಆದವರಿಗೆ ಡಾಕ್ಟರು ಎಲ್‌ಡಿಎಲ್ಲನ್ನು 70ಕ್ಕೋ ಅದಕ್ಕಿಂತ ಕೆಳಗೋ ಇಳಿಸುತ್ತಾರೆ. 190 ದಾಟಿದ್ದರೆ ಅದು ಬರೀ ಊಟದ ತಪ್ಪಲ್ಲ, ಮನೆತನದಲ್ಲಿ ಬಂದಿರಬಹುದು. ಆಗ ಅಣ್ಣತಮ್ಮಂದಿರೂ ಮಕ್ಕಳೂ ನೋಡಿಸಬೇಕು.

ನನಗೆ ಇಸಿಜಿ ಮಾಡಿ, ಆಮೇಲೆ ಟ್ರೆಡ್‌ಮಿಲ್ ಮೇಲೆ ಓಡಿಸಿ ನೋಡಿದರು. ಹೃದಯ ಸರಿ ಇತ್ತು. ಎರಡು ಮಹಡಿ ಮೆಟ್ಟಿಲು ಹತ್ತಿದರೆ ಏದುಸಿರು, ಎದೆ ಬಿಗಿತ ಬರುವವರು ಹಾಸಿಗೆಯ ಚಿಂತೆ ಬದಿಗಿಟ್ಟು ಮೊದಲು ಹೃದಯ ತೋರಿಸಿ.

ತೆಂಗಿನಕಾಯಿ ಊರಲ್ಲಿ ಊಟ

ನಮ್ಮಲ್ಲಿ ಕೊಲೆಸ್ಟ್ರಾಲ್ ಇಳಿಸುವುದು ಅಂದರೆ ತೆಂಗಿನ ಜೊತೆ ಮಾತುಕತೆ. ಎಣ್ಣೆ ಪ್ಯಾಕೆಟ್ ಮೇಲೆ "ಕೊಲೆಸ್ಟ್ರಾಲ್ ಇಲ್ಲ" ಅಂತ ಇರುತ್ತದೆ. ಸುಳ್ಳಲ್ಲ. ಕೊಲೆಸ್ಟ್ರಾಲ್ ಇರುವುದು ಪ್ರಾಣಿಯಿಂದ ಬಂದ ಆಹಾರದಲ್ಲಿ, ಯಾವ ಗಿಡದ ಎಣ್ಣೆಯಲ್ಲೂ ಹೇಳುವಷ್ಟು ಇಲ್ಲ. ಆದರೆ ತೆಂಗಿನೆಣ್ಣೆಯಲ್ಲಿ ನೂರಕ್ಕೆ ಎಂಬತ್ತಕ್ಕಿಂತ ಜಾಸ್ತಿ ಸ್ಯಾಚುರೇಟೆಡ್ ಕೊಬ್ಬು. ಅದು ನಮ್ಮ ಲಿವರ್ ರಕ್ತದಿಂದ ಎಲ್‌ಡಿಎಲ್ ಎಳೆದುಕೊಳ್ಳುವುದನ್ನು ಕಡಿಮೆ ಮಾಡುತ್ತದೆ. ಎಚ್‌ಡಿಎಲ್ಲೂ ಸ್ವಲ್ಪ ಏರುತ್ತದೆ, ನಿಜ. ಅದರಿಂದ ಎಲ್‌ಡಿಎಲ್ಲಿನ ಲೆಕ್ಕ ಚುಕ್ತಾ ಆಗುವುದಿಲ್ಲ.

"ಹಾಗಾದ್ರೆ ನಮ್ಮ ಅಜ್ಜ ತಿಂದು ತೊಂಬತ್ತು ಬದುಕಿದ್ರಲ್ಲ" ಅಂತ ಕೇಳದವರೇ ಇಲ್ಲ. ಅಜ್ಜ ಗದ್ದೆ ಉತ್ತರು, ಬಂಗುಡೆ ತಂದದ್ದು ಮಲ್ಪೆಯಿಂದ ನಡೆದು. ನಾವು ತರುವುದು ಸ್ಕೂಟರಿನಲ್ಲಿ.

ಆ ರಿಪೋರ್ಟ್ ಬಂದ ಸಂಜೆ ಹೆಂಡತಿಗೆ ಎಲ್ಲವನ್ನೂ ಹೇಳಿದೆ. ಅಷ್ಟರ ತನಕ ನಾನು ಯಕ್ಷಗಾನ ನೋಡುವ ನೆಪದಲ್ಲಿ ಹೊರಗಿನ ಕೋಣೆಯಲ್ಲೇ ಮಲಗುತ್ತಿದ್ದೆ. ಅವಳು ಕಾಗದವನ್ನು ಎರಡು ಸಲ ಓದಿ, "ನಾನು ನಿಮಗೆ ನನ್ನ ಮೇಲೆ ಕೋಪ ಅಂತ ಎಣಿಸಿದ್ದೆ" ಅಂದಳು. ಆಮೇಲೆ ಒಳಗೆ ಹೋಗಿ ಎಣ್ಣೆ ಡಬ್ಬ ಎತ್ತಿ ನೋಡಿದಳು. ನಾಲ್ಕು ಜನಕ್ಕೆ ತಿಂಗಳಿಗೆ ನಾಲ್ಕೂವರೆ ಲೀಟರ್ ಖರ್ಚಾಗುತ್ತಿತ್ತು. ತಲೆಗೆ ಅರ್ಧ ಲೀಟರ್ ಅಂತ ಲೆಕ್ಕ ಹಾಕಿ ಎರಡಕ್ಕೆ ಇಳಿಸಿದಳು. ಒಗ್ಗರಣೆಗೆ ಮಾತ್ರ ತೆಂಗಿನೆಣ್ಣೆ, ಉಳಿದದ್ದಕ್ಕೆ ಶೇಂಗಾ ಎಣ್ಣೆ. ಡಬ್ಬದಿಂದ ನೇರ ಸುರಿಯುವುದು ಬಂದ್, ಚಮಚದಲ್ಲೇ ಹಾಕಬೇಕು.

ಮೀನು ಬಿಡಬೇಕಾಗಿಲ್ಲ. ಬಂಗುಡೆ, ಬೂತಾಯಿ ಎರಡರಲ್ಲೂ ಒಮೆಗಾ-3 ಚೆನ್ನಾಗಿ ಉಂಟು. ಅಂಜಲ್ ಬೇಕಂತಿಲ್ಲ, ಅಗ್ಗದ ಮೀನೇ ಇಲ್ಲಿ ಮೇಲು. ಕೆಡಿಸುವುದು ಕಾವಲಿಯಲ್ಲಿ ಎಣ್ಣೆ ಕುಡಿಸಿದ ರವಾ ಫ್ರೈ. ನಮ್ಮ ಪುಳಿಮುಂಚಿ ನೋಡಿ, ಹುಣಸೆಹುಳಿ, ಮೆಣಸು, ಬೆಳ್ಳುಳ್ಳಿ, ಕಾಯಿ ಬೇಡವೇ ಬೇಡ. ಈಗ ವಾರಕ್ಕೆ ಎರಡು ಮೂರು ಸಲ ಬೂತಾಯಿ ಪುಳಿಮುಂಚಿ. ಬೋಟ್ ಇಳಿಯದ ಜೂನ್-ಜುಲೈಯಲ್ಲಿ ಹುರುಳಿ ಸಾರು, ಹೆಸರು ಗಸಿ. ಒಣಮೀನು ಸ್ವಲ್ಪವೇ, ಉಪ್ಪಿಗೆ ಬಿಪಿ ಏರುತ್ತದೆ. ಕೋರಿ ರೊಟ್ಟಿ ತಿಂಗಳಿಗೊಮ್ಮೆ ಉಂಟು, ಸುಳ್ಳು ಹೇಳುವುದಿಲ್ಲ. ಗೋಳಿಬಜೆ, ಬನ್ಸ್, ಬೇಕರಿ ಪಫ್ಸ್ ಇವನ್ನು ಬಿಟ್ಟದ್ದೇ ಹೆಚ್ಚು ಕಷ್ಟವಾಯಿತು.

ಟ್ರೈಗ್ಲಿಸರೈಡ್ ಕತೆ ಬೇರೆ. ಅದು ಏರುವುದು ಗುಡ್ಡೆ ಹಾಕಿದ ಅನ್ನ, ಸಿಹಿ, ಗಡ್‌ಬಡ್ ಐಸ್‌ಕ್ರೀಂ, ಮತ್ತೆ ಕುಡಿತದಿಂದ. ನಾನು ಎರಡು ಸೌಟು ಕುಚ್ಚಲಕ್ಕಿ ಅನ್ನಕ್ಕೆ ನಿಲ್ಲಿಸಿದೆ.

ಬೀಡಿ ಸಿಗರೇಟು ಸೇದುವವರು ಮೇಲಿನ ಪಟ್ಟಿ ಪೂರ್ತಿ ಪಾಲಿಸಿ ಬೀಡಿ ಉಳಿಸಿಕೊಂಡರೆ ಪ್ರಯೋಜನ ಕಡಿಮೆ. ಅದೇ ಒಳಪದರವನ್ನು ಹೊಗೆ ನೇರವಾಗಿ ಸುಡುತ್ತದೆ.

ನಡಿಗೆ. ನಾನು ಬೆಳಿಗ್ಗೆ ಅಜ್ಜರಕಾಡಿನ ಭುಜಂಗ ಪಾರ್ಕ್ ಕಡೆ ಹೋಗುತ್ತೇನೆ. ಬೆವರು ಬರುವ ಹಾಗೆ 40 ನಿಮಿಷ, ವಾರಕ್ಕೆ ನಾಲ್ಕು ದಿನ, ಆರು ತಿಂಗಳು. ನಿಮಿರುವಿಕೆಗೆ ವ್ಯಾಯಾಮದಿಂದ ಪ್ರಯೋಜನ ಕಂಡ ಅಧ್ಯಯನಗಳಲ್ಲಿ ಹೆಚ್ಚುಕಡಿಮೆ ಇದೇ ಪ್ರಮಾಣ. ಇಟಲಿಯಲ್ಲಿ ಬೊಜ್ಜಿದ್ದ ಗಂಡಸರಿಗೆ ಎರಡು ವರ್ಷ ಊಟ, ವ್ಯಾಯಾಮ ಕಲಿಸಿದ ಒಂದು ಅಧ್ಯಯನ 2004ರಲ್ಲಿ ಬಂತು. ಸುಮಾರು ಮೂರರಲ್ಲಿ ಒಬ್ಬರಿಗೆ ತೊಂದರೆ ವಾಸಿಯಾಗಿತ್ತು. ಮೂರರಲ್ಲಿ ಇಬ್ಬರಿಗೆ ಆಗಲಿಲ್ಲ ಅನ್ನುವುದನ್ನೂ ನೆನಪಿಡಿ. ಅವರಿಗೆ ಬೇರೆ ಚಿಕಿತ್ಸೆ ಉಂಟು.

ಸ್ಟಾಟಿನ್ ಬಗ್ಗೆ ಒಂದು ಹೆದರಿಕೆ

ನನಗೆ ಕೊಲೆಸ್ಟ್ರಾಲ್ ಇಳಿಸುವ ಸ್ಟಾಟಿನ್ ಜಾತಿಯ ಮಾತ್ರೆ, ಅಟೋರ್ವಾಸ್ಟಾಟಿನ್ 20 ಬರೆದರು. ಕೌಂಟರಿನಲ್ಲಿ ಇದರ ಬಗ್ಗೆ ಕೇಳುವ ಪ್ರಶ್ನೆ ಒಂದೇ: "ಗಂಡಸರ ಹಾರ್ಮೋನ್ ಆಗುವುದೇ ಕೊಲೆಸ್ಟ್ರಾಲಿನಿಂದ ಅಂತೆ. ಇದನ್ನು ತಿಂದರೆ ಇದ್ದದ್ದೂ ಹೋಗ್ತದಲ್ವಾ?" ಮೊದಲ ಮಾತು ನಿಜ. ಟೆಸ್ಟೊಸ್ಟಿರಾನ್ ತಯಾರಾಗುವುದು ಕೊಲೆಸ್ಟ್ರಾಲಿನಿಂದಲೇ. ಆದರೆ ಅದಕ್ಕೆ ಬೇಕಾದಷ್ಟನ್ನು ವೃಷಣಗಳು ತಾವೇ ತಯಾರಿಸಿಕೊಳ್ಳಬಲ್ಲವು. ಮಾಮೂಲಿ ಡೋಸಿನಲ್ಲಿ ಹಾರ್ಮೋನ್ ತೊಂದರೆಯಾಗುವಷ್ಟು ಇಳಿಯುವುದಿಲ್ಲ. ಹಲವು ಅಧ್ಯಯನಗಳನ್ನು ಒಟ್ಟು ಮಾಡಿ ನೋಡಿದಾಗ ಸ್ಟಾಟಿನ್ ತೆಗೆದುಕೊಂಡವರ ನಿಮಿರುವಿಕೆ ಸ್ವಲ್ಪ ಸುಧಾರಿಸಿದ್ದೇ ಕಂಡಿದೆ. ಸ್ವಲ್ಪ. ಪವಾಡ ಅಲ್ಲ.

ಮೈಕೈ ನೋವು ಜಾಸ್ತಿಯಾದರೆ, ಮೂತ್ರ ಕಪ್ಪಾದರೆ ಡಾಕ್ಟರಿಗೆ ಹೇಳಿ. ಒಂದರಿಂದ ಮೂರು ತಿಂಗಳ ಒಳಗೆ ಮತ್ತೆ ರಕ್ತ ನೋಡಿಸಿ. ನಂಬರ್ ಇಳಿಯಿತು ಅಂತ ನಿಲ್ಲಿಸಬೇಡಿ, ಇಳಿದದ್ದು ಮಾತ್ರೆಯಿಂದ. ದುಡ್ಡಿನ ಚಿಂತೆ ಇದ್ದವರು ಜನೌಷಧಿ ಕೇಂದ್ರದಲ್ಲಿ ಕೇಳಿ, ಇದೇ ಮಾತ್ರೆ ತುಂಬಾ ಅಗ್ಗಕ್ಕೆ ಸಿಗುತ್ತದೆ. ನನ್ನ ವ್ಯಾಪಾರಕ್ಕೆ ಏಟು, ಇರಲಿ.

ನಾಲ್ಕು ತಿಂಗಳಿಗೆ ನನ್ನ ಎಲ್‌ಡಿಎಲ್ 91, ಟ್ರೈಗ್ಲಿಸರೈಡ್ 145, ಎಚ್‌ಡಿಎಲ್ 41. ತೂಕ ಆರು ಕಿಲೋ ಕಡಿಮೆ. ಬೆಳಗಿನದ್ದು ಮರಳಿ ಬಂದದ್ದು ಐದನೇ ತಿಂಗಳಿನ ಹೊತ್ತಿಗೆ. ಪೂರ್ತಿ ಮೂವತ್ತರ ಹಾಗೆ ಆಗಲಿಲ್ಲ. ಆಗಾಗ ಮಾತ್ರೆ ಬೇಕಾಗುತ್ತದೆ, ಈಗ ಚೀಟಿ ಜೊತೆಗೆ.

ಕೊಡಲೇಬಾರದ ಜೋಡಿ

ಕಳೆದ ವರ್ಷ ಒಬ್ಬರು ಬಂದರು. ಐವತ್ತರ ಆಸುಪಾಸು, ಕೈಯಲ್ಲಿ ಮಂಜುಗಡ್ಡೆಯ ತಣ್ಣಗಿನ ಮೀನು ವಾಸನೆ. ಚೀಟಿಯಲ್ಲಿ ಐಸೊಸಾರ್ಬೈಡ್, ನಮ್ಮವರು ಎದೆನೋವಿಗೆ ನಾಲಿಗೆ ಅಡಿಗೆ ಇಡುವ ಸಾರ್ಬಿಟ್ರೇಟ್ ಅನ್ನುವುದು. ಅದನ್ನು ಕಟ್ಟಿ ಕೊಟ್ಟೆ. ಹೋಗಲಿಲ್ಲ. ಒಂದು ನಿಮಿಷ ಬಿಟ್ಟು, "ಮತ್ತೆ... ಅದು ಎರಡು ಕೊಡಿ ಅಣ್ಣ" ಅಂದರು.

ಅವರ ಕೈಯಲ್ಲಿದ್ದ ಪೊಟ್ಟಣ ತೋರಿಸಿ, "ಇದನ್ನೂ ಅದನ್ನೂ ಒಟ್ಟಿಗೆ ತಗೊಂಡ್ರೆ ಬಿಪಿ ಕುಸಿದು ಅಲ್ಲೇ ಬೀಳ್ತೀರಿ" ಅಂದೆ. ಅವರು ನಕ್ಕರು, ತಮಾಷೆ ಅಂತ ಎಣಿಸಿ. ನಾನು ನಗಲಿಲ್ಲ.

ಎದೆನೋವಿಗೆ ಕೊಡುವ ಸಾರ್ಬಿಟ್ರೇಟಿನಂಥ ನೈಟ್ರೇಟ್ ಮಾತ್ರೆ, ಸ್ಪ್ರೇ, ನೈಕೊರಾಂಡಿಲ್ ಇವುಗಳಲ್ಲಿ ಯಾವುದನ್ನು ತೆಗೆದುಕೊಳ್ಳುವವರೂ ಸಿಲ್ಡೆನಾಫಿಲ್, ಅದೇ ಜಾತಿಯ ಟಡಾಲಾಫಿಲ್ ಮುಟ್ಟಬಾರದು. ಸಿಲ್ಡೆನಾಫಿಲ್ ತೆಗೆದುಕೊಂಡು ಕಡಿಮೆ ಅಂದರೆ 24 ಗಂಟೆ, ಟಡಾಲಾಫಿಲ್ ಆದರೆ 48 ಗಂಟೆ ನೈಟ್ರೇಟ್ ಕೂಡದು. ಮಿಲನದ ಹೊತ್ತಿಗೆ ಎದೆನೋವು ಬಂದರೆ ನಿಲ್ಲಿಸಿ, 108ಕ್ಕೆ ಕರೆ ಮಾಡಿ. ಬಂದವರಿಗೆ ಆ ಮಾತ್ರೆ ತಿಂದದ್ದನ್ನು ನಾಚಿಕೆ ಬಿಟ್ಟು ಹೇಳಿ. ಇಲ್ಲದಿದ್ದರೆ ಅವರು ಒಳ್ಳೆಯದಕ್ಕೆ ಅಂತ ನೈಟ್ರೇಟ್ ಕೊಟ್ಟುಬಿಡುತ್ತಾರೆ. ಹೆಂಡತಿಗೆ ಗೊತ್ತಿರಬೇಕು ಅನ್ನುವುದೂ ಇದಕ್ಕೇ. ನಿಮಗೆ ಮಾತಾಡಲು ಆಗದಿದ್ದರೆ ಹೇಳುವವರು ಅವರೇ. ಗಟ್ಟಿಯಾದದ್ದು ನಾಲ್ಕು ಗಂಟೆಯಾದರೂ ಇಳಿಯದಿದ್ದರೆ ಅದೂ ಆಸ್ಪತ್ರೆ ವಿಷಯ.

"ಆಯುರ್ವೇದಿಕ್, ಸೈಡ್ ಎಫೆಕ್ಟ್ ಇಲ್ಲ" ಅಂತ ಬಸ್‌ಸ್ಟ್ಯಾಂಡ್ ಹತ್ತಿರ, ಮೊಬೈಲಿನಲ್ಲಿ ಮಾರುವ ಡಬ್ಬಗಳನ್ನೂ ಹೃದ್ರೋಗಿಗಳು ನಂಬಬೇಡಿ. ಅಂಥ ಗಿಡಮೂಲಿಕೆ ಮಾತ್ರೆಗಳಲ್ಲಿ ಹೇಳದೆ ಸಿಲ್ಡೆನಾಫಿಲ್ ಸೇರಿಸಿದ್ದು ಎಷ್ಟೋ ದೇಶಗಳಲ್ಲಿ ಸಿಕ್ಕಿಬಿದ್ದಿದೆ. ಒಂದೇ ಗಂಟೆಯಲ್ಲಿ ಪರಿಣಾಮ ತೋರಿಸುವ ಬೇರು ಯಾವುದು ಅಂತ ನನಗೂ ಅನುಮಾನವೇ.

ಕೇಳಲು ನಾಚಿಕೆಯಾದರೆ ಮಧ್ಯಾಹ್ನ ಎರಡರಿಂದ ನಾಲ್ಕರ ನಡುವೆ ಬನ್ನಿ. ಆ ಹೊತ್ತಿಗೆ ಯಾವ ಮೆಡಿಕಲಿನಲ್ಲೂ ಜನ ಇರುವುದಿಲ್ಲ. ಬರುವಾಗ ರಿಪೋರ್ಟ್ ತನ್ನಿ.